ಗದುಗಿನ ಗೆಳೆಯನಿಗೊಂದು ಪತ್ರ: ರೊಟ್ಟಿ ಎಣಿಸು, ಎರಡು ತಾಸು ಕಾಯಿ, ಬರೆದಿಡು

ಗೆಳೆಯಾ,

ನೀನು ಕಳಿಸಿದ ರಕ್ತದ ಸಕ್ಕರೆಯ ರಿಪೋರ್ಟಿನ ಫೋಟೊ ನೋಡಿದೆ. ಖಾಲಿ ಹೊಟ್ಟೆಯಲ್ಲಿ 168, ಊಟವಾಗಿ ಎರಡು ತಾಸಿಗೆ 262, ಎಚ್‌ಬಿಎ1ಸಿ 8.4. ಅದರ ಕೆಳಗೆ ನೀನು ಬರೆದದ್ದು ಒಂದೇ ಸಾಲು: "ನಾ ಸಿಹಿ ಮುಟ್ಟಂಗಿಲ್ಲ, ಎರಡೂ ಹೊತ್ತು ಜ್ವಾಳದ ರೊಟ್ಟಿನ ಉಣ್ಣಾಂವ, ನನಗ್ಯಾಕ ಬಂತು ಇದು?" ಫೋನಿನಲ್ಲಿ ಐದು ನಿಮಿಷ ಮಾತಾಡಿ ಮುಗಿಸುವ ಪ್ರಶ್ನೆ ಇದಲ್ಲ. ಗದುಗಿನಲ್ಲಿ, ಹುಬ್ಬಳ್ಳಿಯಲ್ಲಿ, ಹಾವೇರಿಯಲ್ಲಿ ಇದನ್ನೇ ಕೇಳುವ ಮನೆಗಳು ಬಹಳ. ಅದಕ್ಕೆ ನೀನು ಒಪ್ಪಿದಂತೆ ನಿನ್ನ ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಅಂಕಿ. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗೆ ಇರಬೇಕು. 100ರಿಂದ 125 ಇದ್ದರೆ ಅಂಚಿನ ಮೇಲೆ ನಿಂತಂತೆ, 126 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ನೋಡುವ ಪರೀಕ್ಷೆಯಲ್ಲಿ ಗೆರೆ 200ಕ್ಕೆ, ಎಚ್‌ಬಿಎ1ಸಿಯಲ್ಲಿ 6.5ಕ್ಕೆ. ನಿನ್ನ ಖಾಲಿ ಹೊಟ್ಟೆಯ ಅಂಕಿಯೂ ಎಚ್‌ಬಿಎ1ಸಿಯೂ ಗೆರೆ ದಾಟಿವೆ, ಹಾಗಾಗಿ ಮತ್ತೊಂದು ಲ್ಯಾಬಿಗೆ ಹೋಗಿ "ತಪ್ಪಿರಬಹುದು" ಎಂದು ನೋಡುವ ಅಗತ್ಯವಿಲ್ಲ. ಎಚ್‌ಬಿಎ1ಸಿ ಅಂದರೆ ರಕ್ತದ ಕೆಂಪು ಕಣಕ್ಕೆ ಅಂಟಿಕೊಂಡ ಸಕ್ಕರೆಯ ಪ್ರಮಾಣ. ಆ ಕಣದ ಆಯುಷ್ಯ ಸುಮಾರು 120 ದಿನ, ಅದಕ್ಕೇ ಅದು ಹಿಂದಿನ ಮೂರು ತಿಂಗಳ ಲೆಕ್ಕ ಹೇಳುತ್ತದೆ. 8.4 ಅಂದರೆ ಹಗಲು ರಾತ್ರಿ ಸೇರಿ ನಿನ್ನ ಸರಾಸರಿ ಸಕ್ಕರೆ 194ರ ಸುತ್ತ ಇತ್ತು. 7ಕ್ಕೆ ಇಳಿದರೆ ಆ ಸರಾಸರಿ 154 ಆಗುತ್ತದೆ. ಒಂದು ಎಚ್ಚರ: ಮೈಯಲ್ಲಿ ಕಬ್ಬಿಣದಂಶ ಕಡಿಮೆಯಿದ್ದರೆ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತಸ್ರಾವವಾಗಿದ್ದರೆ, ರಕ್ತ ಏರಿಸಿದ್ದರೆ ಕಡಿಮೆ ತೋರಿಸಬಹುದು. ಹೆಣ್ಣುಮಕ್ಕಳಲ್ಲಿ ಇದನ್ನು ಮರೆಯಬಾರದು, ಹಿಮೋಗ್ಲೋಬಿನ್ ಜೊತೆಗಿಟ್ಟು ಓದಬೇಕು.

ಇನ್ನು ನಿನ್ನ "ಯಾಕ ಬಂತು". ಮಧುಮೇಹ ಸಿಹಿ ತಿಂದವರ ರೋಗ ಎಂಬ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಪೇಡೆ ಬಿಟ್ಟವರು ತಾವು ಪಾರಾದೆವು ಅಂದುಕೊಳ್ಳುತ್ತಾರೆ. ನೀನು ಬಟ್ಟೆ ವ್ಯಾಪಾರಸ್ಥ, ವ್ಯಾಪಾರದ ಮಾತಿನಲ್ಲೇ ಹೇಳುತ್ತೇನೆ. ಉಂಡ ಹಿಟ್ಟು ಅನ್ನವೆಲ್ಲ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಅದನ್ನು ಕೊಳ್ಳುವ ದೊಡ್ಡ ಗಿರಾಕಿ ಮೈಯ ಸ್ನಾಯು. ಉಳಿದದ್ದನ್ನು ದಾಸ್ತಾನು ಮಾಡುವ ಗೋದಾಮು ಯಕೃತ್ತು, ನಾವು ಲಿವರ್ ಅನ್ನುವುದು. ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ಎರಡು ಕೆಲಸ ಮಾಡುತ್ತದೆ: ಸ್ನಾಯುವಿಗೆ "ತಗೋ" ಅನ್ನುತ್ತದೆ, ಲಿವರಿಗೆ "ಸಾಕು, ಹೊರಗ ಬಿಡಬ್ಯಾಡ" ಅನ್ನುತ್ತದೆ. ಹೊಟ್ಟೆಯೊಳಗೂ ಲಿವರಿನಲ್ಲೂ ಕೊಬ್ಬು ತುಂಬಿದಾಗ ಈ ಎರಡೂ ಮಾತು ಕೇಳಿಸದಂತಾಗುತ್ತವೆ. ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ವರ್ಷಗಟ್ಟಲೆ ಸರಿದೂಗಿಸುತ್ತದೆ, ಒಂದು ದಿನ ದಣಿಯುತ್ತದೆ. ನಿನ್ನ ಅವ್ವನಿಗೂ ಇದೆ ಅಂದರೆ, ಬೇಗ ದಣಿಯುವ ಗುಣ ಮನೆತನದಲ್ಲೇ ಬಂದಿರಬಹುದು. ಅದರ ಮೇಲೆ ಮುಂಜಾನೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಗಾದಿಯ ಮೇಲೆ ಕೂಡುವ ಕೆಲಸ.

"ನಾ ಏನ್ ದಪ್ಪ ಇಲ್ಲಲ್ಲ" ಅಂತಲೂ ನೀನು ಅಂದೀ. ಅಂಗಡಿಯ ಟೇಪು ತಗೊಂಡು ಅಳೆದು ನೋಡು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆಯದೆ. ಪ್ಯಾಂಟಿನ ಪಟ್ಟಿಯ ಅಳತೆ ಬೇಡ, ಅದು ಹೊಟ್ಟೆಯ ಕೆಳಗೆ ಕೂತಿರುತ್ತದೆ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗೆರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಮೈಕಟ್ಟು ನಮ್ಮಲ್ಲಿ ಸಾಮಾನ್ಯ, ಈ ರೋಗಕ್ಕೆ ಅದೇ ಸಾಕು.

ಲಿವರಿನ ಲೆಕ್ಕ ತಿಳಿದರೆ ನಿನ್ನ ಎರಡನೇ ಗೊಂದಲವೂ ಬಿಡುತ್ತದೆ. ರಾತ್ರಿ ಊಟ ಬಿಟ್ಟು ಮಲಗಿದರೂ ಮುಂಜಾನೆ 170 ಯಾಕೆ ಎಂದು ಕೇಳಿದ್ದಿ. ರಾತ್ರಿಯಿಡೀ ಮಿದುಳಿಗೆ ಗ್ಲೂಕೋಸ್ ಬೇಕು, ಅದನ್ನು ಲಿವರ್ ಬಿಡುತ್ತದೆ. ಬೆಳಗಿನ ಜಾವ ಎಚ್ಚರಿಸುವ ಹಾರ್ಮೋನುಗಳು ಏರಿದಾಗ ಇನ್ನೂ ಜೋರಾಗಿ ಬಿಡುತ್ತದೆ. ತಡೆಯುವ ಇನ್ಸುಲಿನ್ ಮಾತು ಅದಕ್ಕೆ ಕೇಳುತ್ತಿಲ್ಲ. ಹಾಗಾಗಿ ಮುಂಜಾನೆಯ ಅಂಕಿಗೆ ರಾತ್ರಿಯ ಊಟವೊಂದೇ ಕಾರಣವಲ್ಲ, ಉಪವಾಸ ಮಲಗಿ ಅದನ್ನು ಸರಿಮಾಡಲು ಹೋಗಬೇಡ. ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ಇಲ್ಲೇ, ಲಿವರಿನ ಮೇಲೆ ಕೆಲಸ ಮಾಡುತ್ತದೆ. ಮುಂಜಾನೆಯ ಅಂಕಿ ಇಳಿಯಲು ವಾರಗಳು ಬೇಕು. ಊಟದ ನಂತರದ ಅಂಕಿಯನ್ನು ಮಾತ್ರ ನೀನು ಇವತ್ತಿನಿಂದಲೇ ಬದಲಿಸಬಹುದು.

ಈಗ ರೊಟ್ಟಿಗೆ ಬರೋಣ. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 70 ಗ್ರಾಂ ಪಿಷ್ಟವೇ. ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಎಂದು ವೈನಿಯವರಿಗೆ ಒಂದು ಸಲ ತೂಕ ಮಾಡಲು ಹೇಳು. ತೆಳ್ಳಗೆ ಬಡಿದದ್ದಾದರೆ 40ರಿಂದ 50 ಗ್ರಾಂ ಇರುತ್ತದೆ. ಅಂದರೆ ರೊಟ್ಟಿಗೆ 28ರಿಂದ 35 ಗ್ರಾಂ ಪಿಷ್ಟ. ನೀನು ಒಂದು ಊಟಕ್ಕೆ ಮೂರು ರೊಟ್ಟಿ, ಮೇಲೆ ಒಂದು ಬಟ್ಟಲು ಅನ್ನ ಸಾರು ಉಂಡರೆ 130 ಗ್ರಾಂ ಹತ್ತಿರ ಹೋಯಿತು. ಅಷ್ಟೂ ಕೊನೆಗೆ ಗ್ಲೂಕೋಸೇ. ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು, ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ, ಅದು ನಿಜ. ಆದರೆ "ಜ್ವಾಳಕ್ಕ ಸಕ್ಕರಿ ಏರಂಗಿಲ್ಲ" ಅನ್ನುವ ಮಾತು ಸುಳ್ಳು. ರಾಗಿ, ನವಣೆಗಳಿಗೂ ಇದೇ ಅನ್ವಯ. ಹೊಲದಲ್ಲಿ ದಿನವಿಡೀ ರಂಟೆ ಹೊಡೆದ ಅಜ್ಜ ನಾಲ್ಕು ರೊಟ್ಟಿ ಉಂಡು ಅರಗಿಸಿದ್ದು ಸ್ನಾಯುವಿನ ಬಲದಿಂದ.

ಹಾಗಂತ ರೊಟ್ಟಿ ಬಿಡಬೇಕಿಲ್ಲ. ನಮ್ಮ ಕಡೆಯ ತಾಟು ಈ ರೋಗಕ್ಕೆ ಒಳ್ಳೆಯ ತಾಟು, ಪ್ರಮಾಣ ತಿರುಗಿಸಿಡಬೇಕು ಅಷ್ಟೇ. ಅರ್ಧ ತಾಟು ಕಾಯಿಪಲ್ಲೆ: ಬದನೆ, ಹೀರೆ, ಬೆಂಡೆ, ಮೆಂತ್ಯ, ಪುಂಡಿ, ಜೊತೆಗೆ ಹಸಿ ಸೌತೆ, ಮೂಲಂಗಿ, ಹಕ್ಕರಿಕೆ, ಉಳ್ಳಾಗಡ್ಡಿಯ ಪಚಡಿ. ಕಾಲು ತಾಟು ಕಾಳು: ಮಡಿಕೆ, ಹೆಸರು, ಅಲಸಂದಿ, ಇಲ್ಲವೆ ಝುಣಕ, ಜೊತೆಗೆ ಮೊಸರು. ಮಾಂಸ ಮೊಟ್ಟೆ ತಿನ್ನುವವರಿಗೆ ಅದೂ ಇಲ್ಲಿಯೇ. ಉಳಿದ ಕಾಲಿನಲ್ಲಿ ರೊಟ್ಟಿ ಅಥವಾ ಅನ್ನ, ಎರಡರಲ್ಲಿ ಒಂದು. ಆಲೂಗಡ್ಡೆ ಪಲ್ಯ ಬಂದರೆ ಅದನ್ನೂ ರೊಟ್ಟಿಯ ಲೆಕ್ಕಕ್ಕೆ ಹಾಕು. ಉಣ್ಣುವಾಗ ಪಚಡಿ, ಪಲ್ಯ, ಕಾಳು ಮೊದಲು, ರೊಟ್ಟಿ ಆಮೇಲೆ. ನಾರು ಮತ್ತು ಪ್ರೋಟೀನ್ ಮೊದಲು ಹೊಟ್ಟೆ ಸೇರಿದರೆ ಪಿಷ್ಟ ನಿಧಾನವಾಗಿ ಇಳಿಯುತ್ತದೆ, ಅದೇ ಊಟಕ್ಕೆ ಸಕ್ಕರೆಯ ಏರು ಕಡಿಮೆಯಾಗುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಸಕ್ಕರೆ ಏರಿಸುವುದಿಲ್ಲ. ಆದರೆ ಎಣ್ಣೆ ಸುರಿದು ಕಲಸಿದರೆ ತೂಕ ಇಳಿಯುವುದಿಲ್ಲ, ಚಟ್ನಿಯಲ್ಲೂ ಉಪ್ಪಿನಕಾಯಿಯಲ್ಲೂ ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ.

ನಿನ್ನ ಸಂಜೆಯ ಗಿರಮಿಟ್ಟು ಮತ್ತು ಚಹಾ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕು. ಚುರುಮುರಿ ಅಂದರೆ ಉಬ್ಬಿಸಿದ ಅಕ್ಕಿ, ಬಾಯಲ್ಲಿ ಕರಗುವ ಹಾಗೆಯೇ ಕರುಳಿನಲ್ಲೂ ಕರಗುತ್ತದೆ, ಬಹಳ ಬೇಗ ಏರಿಸುತ್ತದೆ. ಅದರ ಬದಲು ಒಂದು ಮುಷ್ಟಿ ಹುರಿದ ಶೇಂಗಾ, ಇಲ್ಲವೆ ಪುಟಾಣಿ. ಚಹಾ ನೀನು ದಿನಕ್ಕೆ ಐದು ಸಲ ಕುಡಿಯುವವನು, ಗಿರಾಕಿ ಬಂದರೆ ಏಳು. ಒಂದಕ್ಕೆ ಎರಡು ಸಣ್ಣ ಚಮಚ ಸಕ್ಕರೆ ಅಂದರೂ ದಿನಕ್ಕೆ 40ರಿಂದ 50 ಗ್ರಾಂ ಒಳಗೆ ಹೋಗುತ್ತಿದೆ. "ಸಿಹಿ ಮುಟ್ಟಂಗಿಲ್ಲ" ಎಂದವನ ಲೆಕ್ಕ ಇದು. ಬೆಲ್ಲ ಹಾಕಿಸಿದರೆ ಏನೂ ಉಳಿಯುವುದಿಲ್ಲ, ಬೆಲ್ಲದಲ್ಲೂ ಹೆಚ್ಚಿನ ಪಾಲು ಅದೇ ಸಕ್ಕರೆ. ಜೇನೂ ಅಷ್ಟೇ. ಶುಗರ್‌ಫ್ರೀ ಎಂದು ಬರೆದ ಬಿಸ್ಕಿಟಿನ ಹಿಂಬದಿ ಓದು, ಹೆಚ್ಚಾಗಿ ಮೈದಾ ಮೊದಲ ಹೆಸರಾಗಿರುತ್ತದೆ. ಹಣ್ಣು ತಿನ್ನು, ರಸ ಕುಡಿಯಬೇಡ. ಪೇರಲ, ನೇರಳೆ, ಪಪ್ಪಾಯಿ ದಿನಕ್ಕೊಂದು ಪಾಲು ನಡೆಯುತ್ತದೆ. ಧಾರವಾಡದ ಆಪೂಸು ಬಂದಾಗ ಅರ್ಧ ಹಣ್ಣು, ಅದೂ ಊಟದ ಮೇಲೆ ಅಲ್ಲ, ಮಧ್ಯಾಹ್ನ ಬೇರೆಯಾಗಿ. ಸೀಕರಣೆ ಮಾತ್ರ ಬೇಡ.

ಇಷ್ಟೆಲ್ಲ ಹೇಳಿದ್ದು ಸಾಮಾನ್ಯ ಲೆಕ್ಕ. ನಿನ್ನ ಮೈಗೆ ಯಾವುದು ಎಷ್ಟು ಏರಿಸುತ್ತದೆ ಎಂಬುದು ಮನೆಯಲ್ಲೇ ಬೆರಳ ರಕ್ತದಿಂದ ಸಕ್ಕರೆ ಅಳೆಯುವ ನಿನ್ನ ಗ್ಲೂಕೋಮೀಟರಿಗೆ ಮಾತ್ರ ಗೊತ್ತು, ಈ ಪತ್ರದ ಮುಖ್ಯ ಮಾತು ಇದೇ. ನಮ್ಮ ಜನ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಖಾಲಿ ಹೊಟ್ಟೆಯದೊಂದು ಅಂಕಿ ತರುತ್ತಾರೆ, ಹೆಚ್ಚಿದ್ದರೆ ಹೆದರುತ್ತಾರೆ, ಕಡಿಮೆಯಿದ್ದರೆ ಮರೆಯುತ್ತಾರೆ. ಆ ಒಂಟಿ ಅಂಕಿಯಿಂದ ಏನು ಬದಲಿಸಬೇಕೆಂದು ತಿಳಿಯುವುದಿಲ್ಲ. ಅಂಕಿಯನ್ನು ಜೋಡಿಯಾಗಿ ನೋಡು: ಊಟದ ಮೊದಲ ತುತ್ತಿಗೆ ಮುಂಚೆ ಒಂದು, ಆ ಮೊದಲ ತುತ್ತಿನಿಂದ ಎಣಿಸಿ ಎರಡು ತಾಸಿಗೆ ಇನ್ನೊಂದು. ಊಟ ಮುಗಿದ ಮೇಲಿಂದ ಎಣಿಸುವುದು ಎಲ್ಲರೂ ಮಾಡುವ ತಪ್ಪು. ಎರಡರ ವ್ಯತ್ಯಾಸ 40–50ರೊಳಗೆ ಇದ್ದರೆ ಆ ತಾಟು ನಿನಗೆ ಹೊಂದಿತು. 90 ಏರಿತು ಅಂದರೆ ಮರುದಿನ ಅದೇ ಊಟದಲ್ಲಿ ಒಂದೇ ಒಂದನ್ನು ಬದಲಿಸು: ಅನ್ನ ಬಿಡು, ಇಲ್ಲವೆ ಒಂದು ರೊಟ್ಟಿ ಕಡಿಮೆ ಮಾಡು, ಇಲ್ಲವೆ ಉಂಡ ಮೇಲೆ ನಡೆ. ಮೂರನ್ನೂ ಒಮ್ಮೆಗೇ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಮೀಟರಿಗೆ ಹಾಕುವ ಪಟ್ಟಿ (ಸ್ಟ್ರಿಪ್) ದುಬಾರಿ, ದಿನಕ್ಕೆ ಒಂದು ಊಟದ ಜೋಡಿ ಸಾಕು. ಇವತ್ತು ನಾಷ್ಟಾ, ನಾಳೆ ಮಧ್ಯಾಹ್ನ, ನಾಡಿದ್ದು ರಾತ್ರಿ. ಎರಡು ವಾರಕ್ಕೆ 28 ಪಟ್ಟಿ, ಅಷ್ಟರಲ್ಲಿ ನಿನ್ನ ಮನೆಯ ಊಟವೆಲ್ಲ ಲೆಕ್ಕಕ್ಕೆ ಸಿಗುತ್ತದೆ. ನಿನ್ನ ಖಾತೆ ಪುಸ್ತಕದ ಹಾಗೆಯೇ ಬರೆ: ತಾರೀಖು, ಏನು ಉಂಡೆ, ಎಷ್ಟು, ಮುಂಚೆ, ನಂತರ. ಮುಟ್ಟಬೇಕಾದ ಗುರಿ ಸಾಮಾನ್ಯವಾಗಿ ಊಟಕ್ಕೆ ಮುಂಚೆ 80ರಿಂದ 130, ನಂತರ 180ರೊಳಗೆ. ವಯಸ್ಸಾದವರಿಗೆ ಡಾಕ್ಟರು ಇದನ್ನು ಸಡಿಲ ಮಾಡುತ್ತಾರೆ, ಅವ್ವನಿಗೆ ನಿನ್ನ ಗುರಿ ಹಾಕಬೇಡ.

ಮೀಟರಿನಲ್ಲಿ ತಪ್ಪುವುದು ಹೆಚ್ಚಾಗಿ ಕೈಯಿಂದ. ಬಾಳೆಹಣ್ಣು ಸುಲಿದ, ಬೆಲ್ಲ ಮುಟ್ಟಿದ ಬೆರಳಿಗೆ ಚುಚ್ಚಿದರೆ 130 ಇದ್ದದ್ದು 250 ತೋರಿಸಬಹುದು. ಸಾಬೂನಿನಿಂದ ಕೈ ತೊಳೆದು ಪೂರ್ತಿ ಒರೆಸು, ಒದ್ದೆ ಬೆರಳಿನಲ್ಲಿ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚು, ನೋವು ಕಡಿಮೆ. ಗಟ್ಟಿಯಾಗಿ ಹಿಂಡಬೇಡ. ಪಟ್ಟಿಯ ಡಬ್ಬಿ ತೆಗೆದ ಕೂಡಲೆ ಮುಚ್ಚು, ಗದುಗಿನ ಬೇಸಿಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಟ್ಟ ಪಟ್ಟಿ ಕೆಟ್ಟುಹೋಗುತ್ತದೆ. ಒಳ್ಳೆಯ ಮೀಟರಿಗೂ ಶೇ 15ರಷ್ಟು ಆಚೀಚೆ ಇರುತ್ತದೆ. ಅದಕ್ಕೆ 142 ಮತ್ತು 155ರ ನಡುವೆ ವ್ಯತ್ಯಾಸ ಹುಡುಕಿ ನಿದ್ದೆ ಕೆಡಿಸಿಕೊಳ್ಳಬೇಡ.

ನಡಿಗೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಮಾತಿಗೆ ಕಾಯದೆ ತಾನೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಹಾಗಾಗಿ ಸಕ್ಕರೆ ಏರುವ ಹೊತ್ತಿಗೇ, ಅಂದರೆ ಉಂಡ ಅರ್ಧ ತಾಸಿನೊಳಗೆ, 15 ನಿಮಿಷ ನಡೆದರೆ ಆ ಎರಡನೇ ಅಂಕಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ರಾತ್ರಿ ಹತ್ತಕ್ಕೆ ಉಂಡು ಹತ್ತೂಕಾಲಿಗೆ ಮಲಗುವುದು ನಿನ್ನ ದಿನದಲ್ಲೇ ಕೆಟ್ಟ ಭಾಗ. ಅಂಗಡಿಗೆ ಡಬ್ಬಿ ತರಿಸಿ ಎಂಟೂವರೆಗೆ ಉಣ್ಣು, ಮುಚ್ಚಿದ ಮೇಲೆ ಮನೆಗೆ ನಡೆದು ಹೋಗು. ಮುಂಜಾನೆ ಭೀಷ್ಮಕೆರೆಯ ದಂಡೆ ಇದ್ದೇ ಇದೆ. ವಾರಕ್ಕೆ ಒಟ್ಟು 150 ನಿಮಿಷ, ಮಾತಾಡಲು ಬರಬೇಕು ಹಾಡಲು ಬರಬಾರದು ಅಷ್ಟು ಜೋರು. ವಾರಕ್ಕೆರಡು ದಿನ ಬೈಠಕ್, ಗೋಡೆಗೆ ಕೈಕೊಟ್ಟು ದಂಡ, ಹೀಗೆ ಸ್ನಾಯು ಬೆಳೆಸುವ ಕೆಲಸವೂ ಬೇಕು. ಗಾದಿಯಿಂದ ಅರ್ಧ ತಾಸಿಗೊಮ್ಮೆ ಎದ್ದು ಥಾನು ನೀನೇ ಇಳಿಸು, ಹುಡುಗನಿಗೆ ಹೇಳಬೇಡ.

ತೂಕ ಇಳಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ರೋಗ ಬಂದು ಆರು ವರ್ಷದೊಳಗಿನವರು ಮಾತ್ರೆ ನಿಲ್ಲಿಸಿ ಆಹಾರದಿಂದಲೇ ತೂಕ ಇಳಿಸಿದಾಗ, ಒಂದು ವರ್ಷಕ್ಕೆ ಶೇ 46 ಜನ ಮಾತ್ರೆಯಿಲ್ಲದೆ 6.5ರ ಕೆಳಗೆ ಬಂದರು. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಂತೂ ಶೇ 86. ಅದು ವೈದ್ಯರ ನಿಗಾದಲ್ಲಿ ನಡೆದದ್ದು, ನೀನಾಗಿ ಮಾತ್ರೆ ಬಿಡಬೇಡ. ಅದನ್ನು ರೋಗ ಗುಣವಾಯಿತು ಅನ್ನುವುದೂ ಸರಿಯಲ್ಲ, ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ. ಆದರೆ ನಿನಗೆ ಈಗ ತಾನೇ ಗೊತ್ತಾಗಿದೆ, ನಿನ್ನ ಗ್ರಂಥಿಯಲ್ಲಿ ಇನ್ನೂ ಕಸುವಿದೆ. ಐದಾರು ಕೆ.ಜಿ. ಇಳಿದರೂ ಅಂಕಿಗಳು ಬೇರೆಯಾಗುತ್ತವೆ. ಮೊದಲ ವರ್ಷ ಬಹಳ ಮುಖ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಿನಗೆ ಬರೆದುಕೊಟ್ಟದ್ದು ಎರಡು: ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1 ಮಿ.ಗ್ರಾಂ. ಮುಂಜಾನೆ. ಮೆಟ್‌ಫಾರ್ಮಿನ್ ಊಟದ ನಡುವೆ ಇಲ್ಲವೆ ಊಟವಾದ ಕೂಡಲೆ. ಮೊದಲ ಎರಡು ವಾರ ಹೊಟ್ಟೆ ಗುಡುಗುಡು, ಭೇದಿ ಆಗಬಹುದು, ಹೆಚ್ಚಿನವರಿಗೆ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ನಿಧಾನವಾಗಿ ಕರಗುವ ಮಾತ್ರೆ ಇದೆ, ಕೇಳಿ ಬದಲಿಸಿಕೋ. "ಕಿಡ್ನಿ ಕೆಡತದ" ಎಂದು ಯಾರೋ ಹೇಳಿದರೆಂದು ಬಿಡಬೇಡ. ಅದು ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಮೊದಲೇ ಬಹಳ ಕೆಟ್ಟಿದ್ದರೆ ಮಾತ್ರ ಕೊಡುವುದಿಲ್ಲ. ಅದರ ನಿಜವಾದ ದೋಷ ಬೇರೆ: ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ನಿಮ್ಮಂಥ ಶಾಕಾಹಾರಿ ಮನೆಯಲ್ಲಿ ಅದು ಮೊದಲೇ ಕಡಿಮೆ. ಪಾದ ಜುಮುಗುಟ್ಟಿದರೆ ಎಲ್ಲವನ್ನೂ ಸಕ್ಕರೆಯ ಮೇಲೆ ಹಾಕದೆ ಬಿ12 ನೋಡಿಸು, ಅದನ್ನು ಸರಿಪಡಿಸಬಹುದು.

ಗ್ಲಿಮೆಪಿರೈಡ್ ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಅದು ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ, ನೀನು ಉಂಡೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮಾತ್ರೆ ನುಂಗಿ ಅಂಗಡಿಗೆ ಓಡಿ, ನಾಷ್ಟಾ ಹನ್ನೊಂದಕ್ಕೆ ಮಾಡಿದರೆ ನಡುವೆ ಸಕ್ಕರೆ ಕುಸಿಯುತ್ತದೆ. ತಾಟು ಮುಂದೆ ಬಂದ ಮೇಲೆಯೇ ನುಂಗು. ಕೈ ನಡುಗುವುದು, ತಣ್ಣನೆ ಬೆವರು, ಎದೆ ಹೊಡೆದುಕೊಳ್ಳುವುದು, ತಾಳಲಾರದ ಹಸಿವು, ಸುಮ್ಮನೆ ಸಿಟ್ಟು, ಮಾತು ತೊದಲುವುದು, ಇವು ಗುರುತು. 70ರ ಕೆಳಗೆ ಅಂದರೆ ಕೂಡಲೆ 15 ಗ್ರಾಂ ಸಕ್ಕರೆ: ಮೂರು ಸಣ್ಣ ಚಮಚ ತುಂಬ, ನೀರಿಗೆ ಹಾಕಿ ಕುಡಿ. ಪರೀಕ್ಷಿಸಲು ಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತ ಕೂಡಬೇಡ, ಮೊದಲು ಕುಡಿ. 15 ನಿಮಿಷಕ್ಕೆ ಮತ್ತೆ ನೋಡು, ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. ಏರಿದ ಮೇಲೆ ಅರ್ಧ ರೊಟ್ಟಿಯೋ ಒಂದು ಬಾಳೆಹಣ್ಣೋ ತಿನ್ನು. ಪೇಡೆ, ಚಾಕೊಲೇಟು ಈ ಹೊತ್ತಿಗೆ ಬೇಡ, ಅದರ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಪಿಷ್ಟ, ಸಕ್ಕರೆ ಅರಗುವುದನ್ನು ತಡ ಮಾಡುವ ವೊಗ್ಲಿಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಗ್ಲಿಮೆಪಿರೈಡಿನಿಂದ ಕುಸಿದ ಸಕ್ಕರೆ ಒಮ್ಮೆ ಏರಿ ಮತ್ತೆ ಕುಸಿಯಬಹುದು, ಅದಕ್ಕೇ ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಳ್ಳುತ್ತಾರೆ, ಹಟ ಮಾಡಿ ಮನೆಗೆ ಕರೆತರಬೇಡಿ. ರಾತ್ರಿ ಕುಡಿತವಿದ್ದು ಊಟ ಬಿಟ್ಟರೆ ಕುಸಿತ ಬೆಳಗಿನ ಜಾವಕ್ಕೆ ಬರುತ್ತದೆ. ಇದನ್ನೆಲ್ಲ ವೈನಿಗೂ ಅಂಗಡಿಯ ಹುಡುಗನಿಗೂ ಹೇಳಿಡು, ಗಲ್ಲೆಯಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ.

ಶ್ರಾವಣ ಸೋಮವಾರದ ಒಪ್ಪೊತ್ತು ಬಿಡಲಾರೆ ಅಂದೀ. ಬಿಡಬೇಡ, ಆದರೆ ಉಪವಾಸದ ದಿನ ಗ್ಲಿಮೆಪಿರೈಡ್ ಏನು ಮಾಡಬೇಕೆಂದು ಡಾಕ್ಟರಲ್ಲಿ ಮೊದಲೇ ಕೇಳಿ ಬರೆಸಿಕೋ. ಸಾಬೂದಾಣಿ ಖಿಚಡಿ ಹಗುರ ಫಲಾಹಾರ ಅಲ್ಲ, ಅಪ್ಪಟ ಪಿಷ್ಟ. ಮೊಸರು, ಶೇಂಗಾ, ಒಂದು ಹಣ್ಣು ಸಾಕು. ಪಂಚಮಿಯ ಉಂಡಿ, ಯುಗಾದಿಯ ಹೋಳಿಗೆ ಬಂದಾಗ ಒಂದು ಹೋಳಿಗೆ ತಿನ್ನು, ಅವತ್ತು ರೊಟ್ಟಿ ಅನ್ನ ಎರಡೂ ಬೇಡ, ಕಟ್ಟಿನ ಸಾರು ಕುಡಿ, ಆಮೇಲೆ ಅರ್ಧ ತಾಸು ನಡೆ. ಅಂದಿನ ಜೋಡಿ ಅಂಕಿ ಬರೆಯುವುದನ್ನು ತಪ್ಪಿಸಬೇಡ.

ಅವ್ವನ ಇನ್ಸುಲಿನ್ ವಿಷಯ. ನೀನು ಕಳಿಸಿದ ಸಿರಿಂಜಿನ ಫೋಟೊ ನೋಡಿ ಗಾಬರಿಯಾಯಿತು, ದಯವಿಟ್ಟು ಇವತ್ತೇ ಪರಿಶೀಲಿಸು. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 20 ಗೆರೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್, ಜೀವಕ್ಕೇ ಅಪಾಯ. 40ರ ಸೀಸೆಯಿಂದ ಕಿತ್ತಳೆಯದರಲ್ಲಿ 20 ಎಳೆದರೆ ಹೋಗುವುದು ಬರೀ 8, ಸಕ್ಕರೆ ಇಳಿಯುವುದೇ ಇಲ್ಲ, ಡೋಸು ಏರಿಸುತ್ತ ಹೋಗುತ್ತಾರೆ. ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು. ಔಷಧಿ ಅಂಗಡಿಯವರು ಕೊಟ್ಟದ್ದನ್ನು ಪ್ರತಿ ಸಲ ಓದಿ ತಗೋ.

ಹಾಲಿನಂತೆ ಮಸುಕಾಗಿರುವ 30/70 ಇನ್ಸುಲಿನ್ನನ್ನು (ಬೇಗ ಮತ್ತು ನಿಧಾನವಾಗಿ ಕೆಲಸ ಮಾಡುವ ಎರಡು ಬಗೆ ಬೆರೆತದ್ದು) ಅಂಗೈ ನಡುವೆ ಹತ್ತಿಪ್ಪತ್ತು ಸಲ ನಿಧಾನ ಉರುಳಿಸಿ ಒಂದೇ ಸಮ ಮಾಡಬೇಕು, ಜೋರಾಗಿ ಅಲುಗಿಸಬಾರದು. ಚುಚ್ಚಿ ಅರ್ಧ ತಾಸಿಗೆ ಊಟ. ಹೊಕ್ಕುಳಿಂದ ಎರಡು ಬೆರಳು ಬಿಟ್ಟು, ದಿನವೂ ಜಾಗ ಬದಲಿಸಿ ಚುಚ್ಚಬೇಕು. ಅವ್ವ ನೋವಿಲ್ಲವೆಂದು ಒಂದೇ ಕಡೆ ಚುಚ್ಚಿಕೊಂಡು ಅಲ್ಲಿ ಗಂಟು ಕಟ್ಟಿದ್ದರೆ, ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಸೇರುತ್ತದೆ, ಒಂದು ದಿನ ಸೇರುವುದಿಲ್ಲ. ಸಕ್ಕರೆ 90, 300 ಎಂದು ಕುಣಿಯುವುದಕ್ಕೆ ಇದೂ ಒಂದು ಕಾರಣ. ಹೊಟ್ಟೆ ಸವರಿ ನೋಡು. ಗಂಟು ಬಿಟ್ಟು ಹೊಸ ಜಾಗಕ್ಕೆ ಚುಚ್ಚಲು ಶುರುಮಾಡಿದಾಗ ಅದೇ ಡೋಸು ಹೆಚ್ಚಾಗಿ ಕೆಲಸ ಮಾಡುತ್ತದೆ, ಅದಕ್ಕೆ ಡಾಕ್ಟರಿಗೆ ತಿಳಿಸಿಯೇ ಬದಲಿಸಿ. ತೆರೆಯದ ಸೀಸೆ ಫ್ರಿಜ್ಜಿನ ಬಾಗಿಲ ಖಾನೆಯಲ್ಲಿ, 2ರಿಂದ 8 ಡಿಗ್ರಿ. ಬರ್ಫದ ಖಾನೆಯಲ್ಲಿ ಹೆಪ್ಪುಗಟ್ಟಿದ್ದು ಕರಗಿದರೂ ಎಸೆಯಬೇಕು. ತೆರೆದದ್ದು ನಾಲ್ಕು ವಾರ. ಊರಿಗೆ ಹೋದಾಗ ಫ್ರಿಜ್ಜು ಇಲ್ಲದಿದ್ದರೆ ದೊಡ್ಡ ಮಣ್ಣಿನ ಮಡಿಕೆಯಲ್ಲಿ ಉಸುಕು ಹಾಕಿ, ನೀರು ಚಿಮುಕಿಸಿ, ನಡುವೆ ಸಣ್ಣ ಮಡಿಕೆ ಇಟ್ಟು ಅದರೊಳಗೆ ಸೀಸೆ ಇಡಿ, ನೆರಳಲ್ಲಿ. ಬಳಸಿದ ಸೂಜಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹೋಗಲಿ, ಕಸ ಆರಿಸುವವರ ಕೈಗೆ ಚುಚ್ಚಬಾರದು.

ಕಾಲಿನ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ, ಯಾಕೆಂದರೆ ತಪ್ಪಿಸಬಹುದಾಗಿದ್ದ ಕಾಲುಗಳು ಹೋಗುತ್ತವೆ. ವರ್ಷಗಟ್ಟಲೆ ಏರಿದ ಸಕ್ಕರೆ ಮೊದಲು ಪಾದದ ನರವನ್ನು ಕೊಲ್ಲುತ್ತದೆ. ನೋವು ತಿಳಿಯುವುದಿಲ್ಲ. ಎರೆಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ್ದು, ಚಪ್ಪಲಿಯೊಳಗೆ ಹರಳು ಕೂತದ್ದು ಮೂರು ದಿನಕ್ಕೆ ಕೀವಾದ ಮೇಲೆ ವಾಸನೆಯಿಂದ ಗೊತ್ತಾಗುತ್ತದೆ. ರಾತ್ರಿ ಕಾಲು ತೊಳೆದು ಬೆರಳ ಸಂದಿ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುವುದು ಒಂದು ನಿಮಿಷದ ಕೆಲಸ. ಅವ್ವನ ಕಾಲನ್ನು ನೀನು ನೋಡು, ಅವರ ಕಣ್ಣಿಗೆ ಕಾಣುವುದಿಲ್ಲ. ಬಿಸಿನೀರು ಮೊಣಕೈಯಿಂದ ಮುಟ್ಟಿ ನೋಡಿಯೇ ಕಾಲಿಗೆ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ, ಉಗುರು ನೆಟ್ಟಗೆ ಕತ್ತರಿಸಿ. ಸ್ಪರ್ಶ ಸತ್ತ ಕಾಲಿಗೆ ಹವಾಯಿ ಚಪ್ಪಲಿ ಸಲ್ಲದು, ಕಳಚಿ ಬಿದ್ದದ್ದೂ ತಿಳಿಯುವುದಿಲ್ಲ. ಹಿಂದೆ ಪಟ್ಟಿಯಿರುವ, ಮೆತ್ತನೆ ಎಂಸಿಆರ್ (ಮೈಕ್ರೊಸೆಲ್ಯುಲರ್ ರಬ್ಬರ್) ಅಟ್ಟೆಯ ಚಪ್ಪಲಿ ಬೇಕು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ ಹರಕೆ ನಿಮ್ಮ ಮನೆಯಲ್ಲಿದೆ. ಕಾದ ಡಾಂಬರು ನರ ಸತ್ತ ಪಾದವನ್ನು ಸುಡುತ್ತದೆ, ಹರಕೆ ಹೊತ್ತವರಿಗೆ ನೋವೇ ಆಗುವುದಿಲ್ಲ. ಮೊದಲು ಡಾಕ್ಟರ ಹತ್ತಿರ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲಿನ ಸ್ಪರ್ಶ ಪರೀಕ್ಷೆ ಮಾಡಿಸು, ಸ್ಪರ್ಶ ಸರಿಯಿದ್ದರೂ ಬೂಟು ಹಾಕಿ ನಡೆ. ಮಲ್ಲಯ್ಯ ಬೇಡ ಅನ್ನುವುದಿಲ್ಲ. ಗುಟ್ಕಾ, ತಂಬಾಕಿನ ಎಲೆ ನಿಲ್ಲಿಸು ಅನ್ನುವುದೂ ಕಾಲಿನ, ಹೃದಯದ ರಕ್ತನಾಳದ ಸಲುವಾಗಿಯೇ.

ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ಅಕ್ಷಿಪಟಲ ನೋಡಿಸಬೇಕು, ಅವತ್ತು ಗಾಡಿ ನೀನು ಹೊಡೆಯಬೇಡ, ಕೆಲವು ತಾಸು ಮಂಜಾಗಿರುತ್ತದೆ. ದೃಷ್ಟಿ ಚೆನ್ನಾಗಿದ್ದರೂ ಹೋಗಬೇಕು, ಮಂಜಾಗುವ ಹೊತ್ತಿಗೆ ಹಾನಿ ಬಹಳ ಆಗಿರುತ್ತದೆ. ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 30ರೊಳಗೆ ಇರಬೇಕು, ಕಿಡ್ನಿಯ ಮೊದಲ ಎಚ್ಚರಿಕೆ ಅಲ್ಲೇ ಸಿಗುತ್ತದೆ, ರಕ್ತದ ಕ್ರಿಯಾಟಿನಿನ್ ಏರುವುದು ಎಷ್ಟೋ ತಡವಾಗಿ. ರಕ್ತದೊತ್ತಡ 130/80ರೊಳಗೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬು ಹೆಚ್ಚಿನ ಮಧುಮೇಹಿಗಳಿಗೆ 70ರೊಳಗೆ, ಹೃದಯದ ತೊಂದರೆಯಿದ್ದರೆ 55ರೊಳಗೆ. 40 ದಾಟಿದ ಮಧುಮೇಹಿಗೆ ಆ ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರೆ ಬೇಡ ಅನ್ನಬೇಡ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸು, ಕ್ಷಯ ಮಧುಮೇಹಿಗಳಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ.

ಜ್ವರ, ವಾಂತಿ ಬಂದ ದಿನ ಉಣ್ಣುವುದಿಲ್ಲವೆಂದು ಅವ್ವನ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡ. ಕಾಯಿಲೆಯಲ್ಲಿ ಉಪವಾಸವಿದ್ದರೂ ಸಕ್ಕರೆ ಏರುತ್ತದೆ. ನಾಲ್ಕು ತಾಸಿಗೊಮ್ಮೆ ನೋಡಿ, ಡಾಕ್ಟರಿಗೆ ಫೋನ್ ಮಾಡಿ ಡೋಸು ಕೇಳು. ನೀನು ವಾಂತಿ ಭೇದಿಯಿಂದ ಬಳಲುತ್ತಿದ್ದರೆ ಮೆಟ್‌ಫಾರ್ಮಿನ್ ಆ ದಿನಗಳಿಗೆ ನಿಲ್ಲಿಸಬೇಕಾಗಬಹುದು. ಮುಂದೆ ಎಂದಾದರೂ ಡಪಾಗ್ಲಿಫ್ಲೋಜಿನ್ ಜಾತಿಯ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಕೊಟ್ಟರೆ ಅದನ್ನೂ. 300 ಮೀರಿದ ಸಕ್ಕರೆ, ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು ಒಟ್ಟಿಗೆ ಬಂದರೆ ಬೆಳಗಾಗುವವರೆಗೆ ಕಾಯಬೇಡ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯೋ ನಿಮ್ಮ ಜಿಲ್ಲಾಸ್ಪತ್ರೆಯೋ, ಹತ್ತಿರವಿದ್ದಲ್ಲಿಗೆ ರಾತ್ರಿಯೇ ಹೊರಡು.

ಕೊನೆಯದಾಗಿ, ಸಕ್ಕರೆ ಇಳಿಸುತ್ತದೆ ಎಂದು ಯಾರೋ ನಿನಗೆ ಹೇಳಿದ ಆ ಹಸಿರು ಪುಡಿ. ಮೆಂತ್ಯ, ಹಾಗಲಕಾಯಿ ಊಟದಲ್ಲಿ ಬರಲಿ, ಮೆಂತ್ಯದ ನಾರು ಸಕ್ಕರೆ ಏರುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ಆದರೆ ಎಂಟು ದಿನಕ್ಕೆ ಸಕ್ಕರೆ ಇಳಿಸುತ್ತೇನೆ ಎನ್ನುವ, ಮೇಲೆ ಏನೂ ಬರೆಯದ ಪೊಟ್ಟಣದಲ್ಲಿ ಗ್ಲಿಬೆನ್‌ಕ್ಲಮೈಡಿನಂಥ ಅಲೋಪಥಿ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದ್ದಿದೆ. ನಿನ್ನ ಗ್ಲಿಮೆಪಿರೈಡಿನ ಮೇಲೆ ಅದೂ ಸೇರಿದರೆ ರಾತ್ರಿ ಮಲಗಿದವನು ಏಳದಿರಬಹುದು. ಮಾತ್ರೆಯ ಖರ್ಚೇ ಚಿಂತೆಯಾದರೆ ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ವಿಭಾಗದಲ್ಲೂ ಕೊಡುತ್ತಾರೆ.

ನಾಳೆ ಮಧ್ಯಾಹ್ನದ ಊಟದಿಂದ ಶುರು ಮಾಡು. ಮೊದಲ ದಿನ ಏನೂ ಬದಲಿಸಬೇಡ, ಮೂರು ರೊಟ್ಟಿ, ಅನ್ನ, ಎಂದಿನಂತೆಯೇ ಉಣ್ಣು, ಮುಂಚಿನ ಮತ್ತು ನಂತರದ ಅಂಕಿ ಬರೆ. ಮರುದಿನ ಅದೇ ಊಟ, ಅನ್ನ ಮಾತ್ರ ಇಲ್ಲ. ಎರಡೂ ದಿನದ ಪುಟದ ಫೋಟೊ ಕಳಿಸು, ಅವ್ವನ ಸೀಸೆ ಮತ್ತು ಸಿರಿಂಜು ಪಕ್ಕಪಕ್ಕ ಇಟ್ಟ ಫೋಟೊವನ್ನು ಮಾತ್ರ ಇವತ್ತೇ ಕಳಿಸು.

ನಿನ್ನ ಗೆಳೆಯ,
ಧಾರವಾಡದಿಂದ